ಕಾಲಂ ಇಲ್ಲದ ಸೊಳ್ಳೆ

ಸೊಳ್ಳೆ ಹಿಡಿಯುವುದು ನನ್ನ ನೌಕರಿಯಾಗಿತ್ತು. ಹಾಗೆಂದರೆ ಈಗಲೂ ಕೆಲವರು ನಗುತ್ತಾರೆ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ ಕೀಟ ಸಂಗ್ರಾಹಕ ಎಂಬ ಸರ್ಕಾರಿ ಹುದ್ದೆ ನಿಜವಾಗಿಯೂ ಇತ್ತು. ಪಿಯುಸಿ ಮುಗಿಸಿ, ಮುಂದೆ ಓದಲಾಗದೆ, ಜಗಳೂರಿನಲ್ಲಿ ಅಣ್ಣನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ ನನಗೆ ಆ ಹುದ್ದೆಯ ಆದೇಶ ಬಂತು. ಅವ್ವ ಆದೇಶದ ಕಾಗದವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಕೆಲಸ ಏನೆಂದು ಕೇಳಿದ ಮೇಲೆ ಅದನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಕೆಲಸ ಇಷ್ಟು. ಬೆಳಗ್ಗೆ ಮತ್ತು ಮುಸ್ಸಂಜೆ, ಗೊತ್ತುಮಾಡಿದ ಮನೆಗಳಿಗೂ ಕೊಟ್ಟಿಗೆಗಳಿಗೂ ಹೋಗಬೇಕು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಗಾಜಿನ ಕೊಳವೆ. ಕೊಳವೆಯ ಹಿಂದೆ ರಬ್ಬರ್ ನಳಿಗೆ, ಅದರ ತುದಿ ನನ್ನ ಬಾಯಲ್ಲಿ. ಸೊಳ್ಳೆ ಗಂಟಲಿಗೆ ಹೋಗದಂತೆ ನಡುವೆ ಒಂದು ಚೂರು ಪರದೆ ಬಟ್ಟೆ. ಗೋಡೆಯ ಮೇಲೆ ಕೂತ ಸೊಳ್ಳೆಗೆ ಮೆಲ್ಲಗೆ ಕೊಳವೆಯ ಬಾಯಿ ಹಿಡಿದು ಉಸಿರು ಎಳೆದರೆ ಅದು ಒಳಗೆ ಬರುತ್ತಿತ್ತು. ಒಂದೊಂದು ಕಡೆ ಕಾಲು ಗಂಟೆ. ಆಮೇಲೆ ಕೋಣೆಗೆ ಬಂದು, ಭೂತಗನ್ನಡಿಯಲ್ಲಿ ನೋಡಿ ವಿಂಗಡಿಸಬೇಕು. ಬಾಲ ಎತ್ತಿ ಓರೆಯಾಗಿ ಕೂರುವ ಜಾತಿಯಲ್ಲಿ ಮಲೇರಿಯಾ ಹರಡುವವು ಇದ್ದವು. ಅವಕ್ಕೆ ನಮ್ಮ ನಮೂನೆಯಲ್ಲಿ ಕಾಲಂ ಇತ್ತು. ಗೋಡೆಗೆ ಸಮನಾಗಿ ಕೂರುವ ಉಳಿದವಕ್ಕೆ ಇರಲಿಲ್ಲ. ಅವನ್ನು ಹಿತ್ತಲಿನ ತಿಪ್ಪೆಗೆ ಕೊಡವಿ ಬರುತ್ತಿದ್ದೆ.

ಎಂಬತ್ತರ ದಶಕ ಶುರುವಾದ ಮೇಲೆ ನನ್ನನ್ನು ಬಸವಾಪಟ್ಟಣದ ಬಳಿಯ ಒಂದು ಹಳ್ಳಿಗೆ ಹಾಕಿದರು. ಬಸವಾಪಟ್ಟಣ ಇರುವ ಚನ್ನಗಿರಿ ತಾಲ್ಲೂಕು ಆಗ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು, ನಮ್ಮ ಜಗಳೂರು ಚಿತ್ರದುರ್ಗಕ್ಕೆ. ನಮ್ಮ ಕಡೆ ಬಾವಿಗೆ ಬಿಟ್ಟ ಕೊಡ ತಳ ಮುಟ್ಟುವ ಸದ್ದು ಕೇಳುತ್ತಿತ್ತು. ಇಲ್ಲಿ ನಾಲೆಯ ನೀರು ಊರಿನ ಮೂರು ಕಡೆಯೂ ಗದ್ದೆಯಾಗಿ ನಿಂತಿತ್ತು. ಮೊದಲ ದಿನ ಬಸ್ಸಿಳಿದವನು ಅಷ್ಟು ನೀರನ್ನು ನೋಡಿ ಸುಮ್ಮನೆ ನಿಂತುಬಿಟ್ಟೆ. ಸಾಯಂಕಾಲವಾದಂತೆ ಬೆಳ್ಳಕ್ಕಿಗಳು ಗದ್ದೆಯಿಂದ ಎದ್ದು ಕೆರೆಯಂಚಿನ ಜಾಲಿ ಮರಗಳಿಗೆ ಬಂದು ಕೂತವು. ಮರಗಳೇ ಬೆಳ್ಳಗಾದವು.

ನನಗೆ ಬಾಡಿಗೆಗೆ ಕೋಣೆ ಕೊಟ್ಟವರು ಗಂಡ, ಹೆಂಡತಿ, ಆರು ವರ್ಷದ ಮಗಳು ಇದ್ದ ಒಂದು ಮನೆಯವರು. ಗಂಡ ದಿನವೆಲ್ಲ ಗದ್ದೆಯಲ್ಲಿರುತ್ತಿದ್ದ. ಹೆಂಡತಿಯನ್ನು ನಾನು ಅಕ್ಕಾ ಎನ್ನುತ್ತಿದ್ದೆ, ಅವಳು ನನ್ನನ್ನು ತಮ್ಮಾ ಎನ್ನುತ್ತಿದ್ದಳು. ಮನೆಗೆ ಅಂಟಿಕೊಂಡೇ ಕೊಟ್ಟಿಗೆ, ಅದರಲ್ಲಿ ಎರಡು ಎಮ್ಮೆ, ಒಂದು ಕರು. ಸಂಜೆ ಅಕ್ಕ ಹಾಲು ಕರೆಯುವಾಗ ಹುಡುಗಿ ಕರುವಿನ ಕೊರಳು ತಬ್ಬಿಕೊಂಡು ಅಲ್ಲೇ ಕೂರುತ್ತಿದ್ದಳು. ನಾನು ಅದೇ ಹೊತ್ತಿಗೆ ಕೊಳವೆ ಕಚ್ಚಿಕೊಂಡು ಗೋಡೆ ತಡವುತ್ತಿದ್ದೆ.

“ಮಾಮಾ, ಸೊಳ್ಳಿ ನಿನ್ ಹೊಟ್ಟಿಯಾಗೆ ಹೋದ್ರೆ ಅಲ್ಲೂ ಕಡೀತೈತಾ?” ಎಂದು ಒಮ್ಮೆ ಕೇಳಿದ್ದಳು. ನಾನು ಬಾಯಲ್ಲಿ ನಳಿಗೆ ಇದ್ದಿದ್ದರಿಂದ ಇಲ್ಲವೆಂದು ತಲೆಯಾಡಿಸಿದೆ. ಅವಳು ಹೌದೆಂದು ತಿಳಿದು ಹೆದರಿದಳು.

ಆ ವರ್ಷ ನಾಲೆಗೆ ನೀರು ತಡವಾಗಿ ಬಂತು, ಬಂದಮೇಲೆ ಹರಿವು ನಿಲ್ಲಲಿಲ್ಲ. ನಾಟಿ ಮುಗಿದು ಕೆಲವು ವಾರಗಳಾಗಿರಬಹುದು, ನನ್ನ ಕೊಳವೆ ಬೇರೆ ಥರ ತುಂಬತೊಡಗಿತು. ಸಣ್ಣ ಕಂದು ಸೊಳ್ಳೆ. ಸೊಂಡಿಲಿನ ನಡುವೆ ಒಂದು ಬಿಳಿ ಪಟ್ಟಿ. ಮೊದಲೂ ಸಿಗುತ್ತಿದ್ದವು, ಆದರೆ ಹೀಗಲ್ಲ. ಕೊಟ್ಟಿಗೆಯ ಗೋಡೆಗೆ ಟಾರ್ಚು ಬಿಟ್ಟರೆ ಗೋಡೆಯೇ ಅಲುಗಿದ ಹಾಗೆ ಕಾಣುತ್ತಿತ್ತು. ಎಮ್ಮೆಗಳು ಮೇವು ಬಿಟ್ಟು ಸುಮ್ಮನೆ ಬಾಲ ಬೀಸುತ್ತ ನಿಂತಿರುತ್ತಿದ್ದವು. ತಿಂಗಳ ಮೀಟಿಂಗಿನಲ್ಲಿ ಮೇಲಧಿಕಾರಿಗಳ ಮುಂದೆ ಹೇಳಿದೆ. ಅವರು ನಮೂನೆಯ ಕಡೆ ನೋಡಿ, “ನಮ್ ಸೊಳ್ಳೆ ಎಷ್ಟು ಸಿಕ್ಕವು ಅದನ್ನ ಹೇಳ್ರಿ,” ಎಂದರು. ನಮ್ಮ ಸೊಳ್ಳೆ, ಎಂದರೆ ಮಲೇರಿಯಾದವು, ಬಹಳ ಕಡಿಮೆ ಸಿಕ್ಕಿದ್ದವು. ಒಳ್ಳೆಯ ಸುದ್ದಿ ಎಂದು ಬರೆದುಕೊಂಡರು. ನಾನೂ ಹೆಚ್ಚು ಒತ್ತಿ ಹೇಳಲಿಲ್ಲ. ಊರಿಗೆ ಬಂದು ಮತ್ತೆ ತಿಪ್ಪೆಗೆ ಕೊಡವಿದೆ.

ದಸರಾ ಕಳೆದ ವಾರ, ಹಿಂದಿನ ಓಣಿಯಲ್ಲಿ ಎಂಟು ವರ್ಷದ ಹುಡುಗನಿಗೆ ಜ್ವರ ಬಂತು. ಎರಡನೆಯ ದಿನ ವಾಂತಿ. ಮೂರನೆಯ ದಿನ ಬೆಳಗ್ಗೆ ಕುತ್ತಿಗೆ ಬಿಲ್ಲಿನಂತೆ ಹಿಂದಕ್ಕೆ ಸೆಟೆದು, ಕಣ್ಣು ಮೇಲೆ ಹೋಗಿ, ಕೈಕಾಲು ಜಗ್ಗತೊಡಗಿದವು. ಗಾಳಿ ಸೋಕಿದೆ ಎಂದರು. ದಾರ ಕಟ್ಟಿಸಿದರು. ಮಧ್ಯಾಹ್ನ ಎತ್ತಿನ ಗಾಡಿಯಲ್ಲಿ ಬಸ್ ಸ್ಟ್ಯಾಂಡಿನ ತನಕ ತಂದರು. ಬಸ್ಸು ಬರುವ ಮೊದಲೇ ಅವನು ಹೋಗಿದ್ದ. ಐದು ದಿನ ಬಿಟ್ಟು ಇನ್ನೊಂದು ಮನೆಯಲ್ಲಿ, ಅದೇ ಜ್ವರ, ಅದೇ ಸೆಟೆತ. ಆಮೇಲೆ ನಾಲೆಯಾಚೆಯ ಊರಿನಿಂದಲೂ ಸುದ್ದಿ ಬಂತು. ತಾಯಂದಿರು ಮಕ್ಕಳ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಶಾಲೆ ಖಾಲಿಯಾಯಿತು.

ಆ ಹೊತ್ತಿಗೆ ಜೀಪೊಂದು ಬಂತು. ದೂರದ ಪ್ರಯೋಗಾಲಯದಿಂದ ಬಂದ ತಂಡ. ಅವರ ಮುಖ್ಯಸ್ಥೆ ಐವತ್ತರ ಆಸುಪಾಸಿನ, ಹತ್ತಿಯ ಸೀರೆ ಉಟ್ಟ, ಕಾಲಿಗೆ ಗಂಡಸರ ಬೂಟು ಹಾಕಿಕೊಂಡ ಹೆಂಗಸು. ಸೊಳ್ಳೆಗಳ ವಿಜ್ಞಾನಿ. ಮೈಸೂರು ಕಡೆಯ ಮಾತು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರು ಮೊದಲು ಹುಡುಕಿದ್ದು ನನ್ನನ್ನು.

“ಗೋಡೆಗೆ ಸಮನಾಗಿ ಕೂರೋ ಸಣ್ಣ ಕಂದು ಸೊಳ್ಳೆ. ಸೊಂಡಿಲಲ್ಲಿ ಬಿಳಿ ಪಟ್ಟಿ. ನೋಡಿದೀರಾ?”

“ನೋಡೀನ್ರಿ ಮೇಡಂ. ಕೊಟ್ಟಿಗಿ ತುಂಬ ಅವೇ ಅದಾವು.”

“ಯಾವಾಗಿಂದ ಜಾಸ್ತಿಯಾಯ್ತು? ಲೆಕ್ಕ ಇದೆಯಾ?”

ನನ್ನ ಬಳಿ ಲೆಕ್ಕ ಇರಲಿಲ್ಲ. ಎಸೆದೆ ಎಂದೆ. ಅವರು ಚೀಲದಿಂದ ಒಂದು ಖಾಲಿ ಸೀಸೆ ತೆಗೆದು ನನ್ನ ಕೈಗಿಟ್ಟರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. “ಇವತ್ತಿಂದ ಎಸೀಬೇಡಿ,” ಎಂದಷ್ಟೇ ಹೇಳಿದರು.

ಅಂದಿನಿಂದ ಅವರ ಜೊತೆ ದುಡಿದೆ. ಸೂರ್ಯ ಮುಳುಗಿದ ಮೇಲಿನ ಒಂದು ಗಂಟೆಯಲ್ಲಿ ಕೊಟ್ಟಿಗೆಗಳ ಸುತ್ತ ಹಿಡಿದ ಸೊಳ್ಳೆಗಳನ್ನು ಜಾತಿವಾರು ಬಿಡಿಸಿ, ಐವತ್ತೈವತ್ತರ ಗುಂಪು ಮಾಡಿ, ಸೀಸೆಗೆ ತುಂಬಿ, ಯಾವ ಕೊಟ್ಟಿಗೆ, ಯಾವ ದಿನ ಎಂಬುದರ ಸಂಖ್ಯೆ ಬರೆದ ಚೀಟಿ ಅಂಟಿಸುತ್ತಿದ್ದೆವು. ಸೀಸೆಗಳು ಹೊಗೆಯಾಡುವ ತಣ್ಣನೆಯ ದೊಡ್ಡ ಕ್ಯಾನಿಗೆ ಹೋಗುತ್ತಿದ್ದವು. ಪ್ರಯೋಗಾಲಯದಲ್ಲಿ ಅವನ್ನು ಅರೆದು, ಆಗಷ್ಟೇ ಹುಟ್ಟಿದ ಇಲಿಮರಿಗಳ ಮಿದುಳಿಗೆ ಚುಚ್ಚಿ, ಮರಿಗಳು ಕಾಯಿಲೆ ಬೀಳುತ್ತವೆಯೋ ಎಂದು ಕಾಯುತ್ತಾರಂತೆ. ಬದುಕುಳಿದ ಮಕ್ಕಳ ರಕ್ತವನ್ನು ಎರಡು ಬಾರಿ, ನಡುವೆ ಕೆಲವು ವಾರ ಬಿಟ್ಟು ತೆಗೆಯುತ್ತಿದ್ದರು. ಎರಡನೆಯದರಲ್ಲಿ ರೋಗದ ವಿರುದ್ಧ ಮೈ ಹುಟ್ಟಿಸಿಕೊಂಡ ಅಂಶ ಏರಿದ್ದರೆ, ಸೊಳ್ಳೆಯಿಂದ ಹರಡುವ ಮಿದುಳು ಜ್ವರವೇ ಎಂದು ಗೊತ್ತಾಗುತ್ತಿತ್ತು. ತಂಡ ಇಳಿದುಕೊಂಡಿದ್ದ ಕೋಣೆಯ ಗೋಡೆಯ ಮೇಲೆ ಮೇಡಂ ಕೈಯಲ್ಲೇ ಬರೆದ ನಕಾಶೆ ಹಚ್ಚಿದ್ದರು. ಹೊನ್ನಾಳಿ, ನ್ಯಾಮತಿ, ಸವಳಂಗ, ಬಸವಾಪಟ್ಟಣ. ಜ್ವರ ಬಂದ ಪ್ರತಿ ಮಗುವಿಗೂ ಒಂದು ಕೆಂಪು ಚುಕ್ಕೆ, ಪಕ್ಕದಲ್ಲಿ ತಾರೀಖು. ಚುಕ್ಕೆಗಳು ನಾಲೆಯ ನೀರು ಹರಿದ ಕಡೆಗೇ ಹೋಗುತ್ತಿದ್ದವು.

“ಈ ಜ್ವರದ ವಿಷಾಣು ಇರೋದು ಬೆಳ್ಳಕ್ಕಿ ಥರದ ಹಕ್ಕಿಗಳಲ್ಲಿ,” ಎಂದು ಅವರು ಒಂದು ದಿನ ವಿವರಿಸಿದರು. “ಅವಕ್ಕೆ ಏನೂ ಆಗಲ್ಲ. ಸೊಳ್ಳೆ ಅಲ್ಲಿಂದ ಹಂದಿಗೆ ತರುತ್ತೆ. ಹಂದಿಯ ರಕ್ತದಲ್ಲಿ ಕೆಲವು ದಿನ ಚೆನ್ನಾಗಿ ಬೆಳೆಯುತ್ತೆ. ಹಂದಿಗೂ ಮೇಲ್ನೋಟಕ್ಕೆ ಏನೂ ಕಾಣಿಸಲ್ಲ. ಆ ರಕ್ತ ಕುಡಿದ ಸೊಳ್ಳೆ ಹತ್ತು ದಿನದ ಮೇಲೆ ಯಾರನ್ನ ಕಚ್ಚಿದರೂ ಜೊಲ್ಲಿನ ಜೊತೆ ಬಿಟ್ಟು ಹೋಗುತ್ತೆ. ಮನುಷ್ಯನಿಂದ ಅದು ಮುಂದೆ ಹೋಗಲ್ಲ. ನಮ್ಮ ರಕ್ತದಲ್ಲಿ ಅಷ್ಟು ಬೆಳೆಯಲ್ಲ. ಮಗು ಸತ್ತರೂ ವಿಷಾಣುವಿಗೆ ಅದರಿಂದ ಲಾಭವಿಲ್ಲ.”

“ಔಷಧಿ?”

“ಇಲ್ಲ. ಜ್ವರ ಇಳಿಸಬಹುದು, ಸೆಟೆತ ತಡೆಯಬಹುದು. ಕಾಯಬೇಕು.”

ಊರ ಹೊರಗೆ ಹಂದಿ ಸಾಕುವ ಮೂರು ಕುಟುಂಬಗಳಿದ್ದವು. ಅವರಲ್ಲಿ ಹಿರಿಯನಾದ ಮುದುಕ ನಮಗೆ ತುಂಬ ಸಹಾಯ ಮಾಡಿದ. ರಕ್ತ ತೆಗೆಯುವಾಗ ಹಂದಿಯ ಹಿಂಗಾಲು ಹಿಡಿದು ಮೊಣಕಾಲೂರಿ ಕೂರುತ್ತಿದ್ದ. “ಮಕ್ಕಳು ಉಳಿಯಾಕೆ ಅಂತೀರಿ, ಎಷ್ಟ್ ಬೇಕೋ ತಗಳ್ರಿ,” ಎನ್ನುತ್ತಿದ್ದ.

ಒಂದು ಮಂಗಳವಾರ ಸಂಜೆ ಅಕ್ಕನ ಮಗಳು ಕೊಟ್ಟಿಗೆಗೆ ಬರಲಿಲ್ಲ. ತಲೆನೋವು ಎಂದು ಚಾಪೆಯ ಮೇಲೆ ಮಲಗಿದ್ದಳು. ಹಣೆ ಮುಟ್ಟಿದೆ. ಸುಡುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

“ಸುಮ್ನೆ ಜ್ವರ ಅಲ್ಲೇನು ತಮ್ಮಾ?”

“ಈಗ್ಲೇ ದಾವಣಗೆರೆಗೆ ಹೋಗಣ ಅಕ್ಕಾ.”

“ಅವರು ಗದ್ದೆಯಿಂದ ಇನ್ನೂ ಬಂದಿಲ್ಲ…”

“ಕಾಯಾಕೆ ಆಗಲ್ಲ.”

ಮೇಡಂ ಜೀಪು ಕೊಟ್ಟರು. ದಾರಿಯುದ್ದಕ್ಕೂ ಅಕ್ಕ ಮಗಳ ಹೆಸರು ಹಿಡಿದು ಮಾತಾಡಿಸುತ್ತಲೇ ಇದ್ದಳು. ಮಲೇಬೆನ್ನೂರು ದಾಟುವ ತನಕ ಹುಡುಗಿ ಹೂಂ ಎನ್ನುತ್ತಿದ್ದಳು. ಆಮೇಲೆ ಎನ್ನಲಿಲ್ಲ. ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದರು, ಮೂಗಿಗೆ ಕೊಳವೆ ಹಾಕಿದರು. ಅಕ್ಕನ ಗಂಡ ಮರುದಿನ ಕೆಸರು ಮೆತ್ತಿದ ಬಟ್ಟೆಯಲ್ಲೇ ಬಂದ. ಹನ್ನೊಂದು ದಿನ ಹುಡುಗಿ ಕಣ್ಣು ತೆರೆಯಲಿಲ್ಲ.

ಆ ಹನ್ನೊಂದು ದಿನದ ನಡುವೆ ನಾನು ಒಂದು ತಪ್ಪು ಮಾಡಿದೆ. ಇಡೀ ಬದುಕಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ.

ಬಟ್ಟೆ ತರಲೆಂದು ಊರಿಗೆ ಬಂದಿದ್ದೆ. ನಿದ್ದೆಯಿಲ್ಲದ ಕಣ್ಣು. ಹೋಟೆಲಿನಲ್ಲಿ ಟೀಗೆ ಕೂತೆ. ಹೋಟೆಲಿನವನು, “ಮಕ್ಕಳಿಗೆ ಜ್ವರ ಬಂದ್ರೆ ಇವ್ರು ಹಂದಿಗ್ಯಾಕ್ರಿ ಸೂಜಿ ಚುಚ್ತಾರೆ?” ಎಂದು ಕೇಳಿದ.

“ಹಂದಿ ರಕ್ತದಾಗೇ ಅದು ಬೆಳೆಯಾದು,” ಎಂದೆ.

ಅಷ್ಟೇ. ಬೆಳ್ಳಕ್ಕಿಯ ಮಾತು ಹೇಳಲಿಲ್ಲ, ಗದ್ದೆಯ ನೀರಿನ ಮಾತು ಹೇಳಲಿಲ್ಲ. ಟೀ ಕುಡಿದು ಎದ್ದು ಹೋದೆ. ಸ್ನಾನ ಮಾಡುತ್ತಿದ್ದಾಗ ಕೂಗಾಟ ಕೇಳಿಸಿತು. ಒದ್ದೆ ಮೈಯಲ್ಲೇ ಓಡಿದೆ. ಮಟಮಟ ಮಧ್ಯಾಹ್ನ. ಹತ್ತಿಪ್ಪತ್ತು ಜನ ಬಡಿಗೆ, ಕೊಡಲಿ ಹಿಡಿದು ಹಂದಿಗೂಡುಗಳ ಮೇಲೆ ಬಿದ್ದಿದ್ದರು. ಹಂದಿಗಳ ಕಿರುಚಾಟಕ್ಕೆ ಯಾರ ಮಾತೂ ಕೇಳುತ್ತಿರಲಿಲ್ಲ. ಮಗನನ್ನು ಕಳೆದುಕೊಂಡ ಹಿಂದಿನ ಓಣಿಯ ಅಪ್ಪ ಎಲ್ಲರಿಗಿಂತ ಮುಂದಿದ್ದ. ಅಳುತ್ತಾ ಹೊಡೆಯುತ್ತಿದ್ದ.

ನಾನು ಅಡ್ಡ ನಿಂತೆ. “ಹಂದಿ ಒಂದೇ ಅಲ್ರಿ, ಬೆಳ್ಳಕ್ಕಿಯಾಗೂ ಐತೆ! ಸೊಳ್ಳೆ ಹುಟ್ಟಾದು ನಮ್ ಗದ್ದೆ ನೀರಿನಾಗೆ!” ಎಂದು ಗಂಟಲು ಹರಿಯುವಂತೆ ಕೂಗಿದೆ.

“ಹಂಗಾರೆ ಗದ್ದೆಗೆ ನೀರು ಬಿಡಬ್ಯಾಡ ಅಂತೀಯೇನು?” ಎಂದ ಒಬ್ಬ. “ನೀನೇ ತಾನೆ ಹೇಳಿದ್ದು ಹಂದಿ ಅಂತ?”

ಮುದುಕ ಗುಡಿಸಲ ಮುಂದೆ ಕೈಕಟ್ಟಿ ನಿಂತಿದ್ದ. ನನ್ನನ್ನು ನೋಡಿದ. ಗುಡಿಸಲುಗಳ ಚಾವಣಿ ಎಳೆದು ಹಾಕಿದರು. ಸಾಯಂಕಾಲದ ಒಳಗೆ ಮೂರು ಕುಟುಂಬಗಳೂ ಪಾತ್ರೆಪಗಡ ಹೊತ್ತು ಊರು ಬಿಟ್ಟವು.

ಹೊನ್ನಾಳಿಯ ಕಡೆ ಹೋಗಿದ್ದ ಮೇಡಂ ಮರುದಿನ ಬಂದರು. ನಾನೇ ಹೇಳಿದೆ, ಏನೂ ಮುಚ್ಚಿಡಲಿಲ್ಲ. ಅವರು ಕೂತು ಬೂಟು ಬಿಚ್ಚಿದರು, ಮತ್ತೆ ಕಟ್ಟಿಕೊಂಡರು. “ನಿಮಗೆ ಪೂರ್ತಿ ಗೊತ್ತಿತ್ತು. ಅರ್ಧ ಹೇಳಿದಿರಿ,” ಎಂದರು. ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತೇನೋ.

ಹನ್ನೆರಡನೆಯ ದಿನ ಹುಡುಗಿ ಕಣ್ಣು ಬಿಟ್ಟಳು. ಜೀವ ಉಳಿಯಿತು. ಬಲಗೈ ಮಡಚಿಕೊಂಡೇ ಇತ್ತು, ಮಾತು ಹೋಗಿತ್ತು. ಊರಿಗೆ ಕರೆತಂದಾಗ ಕರುವನ್ನು ಅವಳ ಮುಂದೆ ತಂದು ನಿಲ್ಲಿಸಿದರು. ಅವಳು ಅದನ್ನು ಎಂದೂ ನೋಡಿಯೇ ಇಲ್ಲವೆಂಬಂತೆ ನೋಡಿದಳು.

ಚಳಿ ಶುರುವಾಗಿ ಪೈರು ಹಣ್ಣಾಗಿ ಗದ್ದೆಯ ನೀರು ಬಸಿದಾಗ ಸೊಳ್ಳೆ ಕಡಿಮೆಯಾಯಿತು, ಹೊಸ ಜ್ವರ ನಿಂತಿತು. ಹಂದಿ ಓಡಿಸಿದ್ದಕ್ಕೇ ನಿಂತಿತು ಎಂದು ಊರವರು ನಂಬಿದರು. ಹೋಟೆಲಿನಲ್ಲಿ ನನಗೆ ಗೌರವ ಹೆಚ್ಚಾಯಿತು. ನಾನು ಅಲ್ಲಿಗೆ ಹೋಗುವುದನ್ನು ಬಿಟ್ಟೆ.

ಯುಗಾದಿಯ ಹೊತ್ತಿಗೆ ಮೇಡಂ ಕಾಗದ ಬರೆದರು. ನಾವು ಕಳಿಸಿದ ಅಷ್ಟೊಂದು ಸೀಸೆಗಳಲ್ಲಿ ಒಂದೇ ಒಂದರಿಂದ ವಿಷಾಣು ಸಿಕ್ಕಿತ್ತು. ಕಾಗದದಲ್ಲಿ ಆ ಸೀಸೆಯ ಚೀಟಿಯ ಸಂಖ್ಯೆ ಕೊಟ್ಟಿದ್ದರು. ನಾನೇ ಬರೆದಿದ್ದ ಸಂಖ್ಯೆ. ಅಕ್ಕನ ಕೊಟ್ಟಿಗೆ. ಎರಡು ದಿನ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡೆ. ಮೂರನೆಯ ದಿನ ಅವಳೇ ಕೇಳಿದಳು.

“ಏನ್ ಕಾಗದ ಅದು? ಬಂದಾಗಿಂದ ನಮ್ ಕಡೆ ನೋಡವಲ್ಲಿ.”

ಈ ಸಲ ಪೂರ್ತಿ ಹೇಳಿದೆ. ಹಕ್ಕಿ, ಹಂದಿ, ನೀರು, ಸೊಳ್ಳೆ, ಹತ್ತು ದಿನ, ಕೊನೆಗೆ ಕೊಟ್ಟಿಗೆ. ಹೇಳಲು ಬಹಳ ಹೊತ್ತು ಹಿಡಿಯಿತು. ಅವಳು ಮಗಳ ತಲೆ ಬಾಚುತ್ತಲೇ ಕೇಳಿದಳು.

“ನಾನೇ ದಿನಾ ಕರ್ಕಂಡ್ ಹೋಗಿ ಅಲ್ಲಿ ಕುಂದ್ರಿಸ್ತಿದ್ನಲ್ಲ,” ಎಂದಳು.

“ನಾನೂ ಅಲ್ಲೇ ಇದ್ದೆ ಅಕ್ಕಾ. ಹಿಡಿದು ಎಸಿತಾ ಇದ್ದೆ.”

ಅವಳು ಜಡೆ ಹೆಣೆದು ಮುಗಿಸಿ, ತುದಿಗೆ ಟೇಪು ಕಟ್ಟಿದಳು. “ಎಮ್ಮಿ ಮಾರಾಕಾಗಲ್ಲ. ಹಾಲಿಲ್ದೆ ಹೆಂಗೆ? ನಾಳೆಯಿಂದ ಹೊತ್ತು ಮುಳುಗಾಕೆ ಮುಂಚೇನೆ ಕರಿತೀನಿ. ಇವಳನ್ನ ಸೊಳ್ಳಿ ಪರದೆ ಒಳಗೆ ಹಾಕ್ತೀನಿ,” ಎಂದಳು. ಇಷ್ಟೇ ಮಾತು. ಆ ರಾತ್ರಿ ಅವಳು ಊಟ ಬಡಿಸಲು ಬರಲಿಲ್ಲ, ಗಂಡ ಬಡಿಸಿದ.

ಮುಂದಿನ ವರ್ಷ ನಾಟಿ ಮುಗಿದ ಮೇಲೆ ಜ್ವರ ಮತ್ತೆ ಬಂತು. ಊರಲ್ಲಿ ಒಂದೂ ಹಂದಿ ಇರಲಿಲ್ಲ. ಹಿಂದಿನ ವರ್ಷ ಕೊಡಲಿ ಹಿಡಿದಿದ್ದವರಲ್ಲೇ ಒಬ್ಬನ ಮಗಳು ಹೋದಳು. ಬೆಳ್ಳಕ್ಕಿಗಳು ಎಂದಿನಂತೆ ಸಂಜೆ ಜಾಲಿ ಮರಗಳಿಗೆ ಬರುತ್ತಿದ್ದವು. ಅವನ್ನು ಯಾರೂ ಏನೂ ಮಾಡಲಿಲ್ಲ. ನಾನು ಹೇಳಿದ್ದನ್ನು ಈಗ ಕೇಳುತ್ತಿದ್ದರು, ಆದರೆ ಕೇಳಿ ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ. ಗದ್ದೆಯ ನೀರನ್ನು ನಡುನಡುವೆ ಆರಿಸಿ, ಸೊಳ್ಳೆಮರಿ ಸಾಯುತ್ತವೆ ಎಂದೆ. ಕೆಲವರು ಆರಿಸಿದರು. ಹೆಚ್ಚಿನವರು, ಮತ್ತೆ ನಮ್ಮ ಸರದಿಗೆ ನೀರು ಬರದಿದ್ದರೆ ಎಂದು ಹೆದರಿದರು.

ಅದಾದ ಎರಡು ವರ್ಷಕ್ಕೆ ನ್ಯಾಮತಿಯ ಕಡೆಗೆ ವರ್ಗವಾಯಿತು. ಅಲ್ಲಿ ಕೆಲಸ ಮಾಡುತ್ತಿದ್ದಾಗ ಆ ಮುದುಕ ಸವಳಂಗದ ಬಳಿ ಇದ್ದಾನೆಂದು ತಿಳಿಯಿತು. ಹೋಗಲೋ ಬೇಡವೋ ಎಂದು ಒಂದು ತಿಂಗಳು ಕಳೆದೆ. ಕೊನೆಗೆ ಒಂದು ಭಾನುವಾರ ಬೆಳಗ್ಗೆ ಬಸ್ಸು ಹತ್ತಿದೆ. ಊರ ಹೊರಗಿನ ಹೊಸ ಗುಡಿಸಲ ಮುಂದೆ ಅವನು ಬುಟ್ಟಿ ಹೆಣೆಯುತ್ತಿದ್ದ. ಹಂದಿಗಳಿರಲಿಲ್ಲ. ಅವನ ಹೆಂಡತಿ ನನ್ನನ್ನು ಕಂಡೊಡನೆ ಒಳಗೆ ಹೋದಳು.

“ನನ್ನಿಂದ ಹಿಂಗಾತು,” ಎಂದೆ. ದಾರಿಯಲ್ಲಿ ಏನೇನೋ ಜೋಡಿಸಿಕೊಂಡಿದ್ದೆ, ಬಾಯಿಗೆ ಬಂದದ್ದು ಇಷ್ಟೇ.

ಅವನು ಕುಳಿತುಕೊಳ್ಳಲು ಗೋಣಿ ಚೀಲ ಸರಿಸಿದ. “ಆ ಎಮ್ಮಿ ಮನಿ ಮಗೀಗೆ ಮಾತು ಬಂತೇನ್ರಿ?”

“ಇಲ್ಲ.”

ಅವನು ಒಂದೆರಡು ಸಾಲು ಹೆಣೆದ. “ಒಂದ್ ಮಾತು ಕೇಳ್ತೀನಿ. ನಮ್ ಹಂದಿ ರಕ್ತದಾಗೆ ಅದು ಇತ್ತೇನ್ರಿ, ಖರೇವಾಗ್ಲೂ?”

ಸುಳ್ಳು ಹೇಳುವ ಮನಸ್ಸಾಯಿತು. ಹೇಳಲಿಲ್ಲ. “ಅದು ಬಂದು ಹೋದ ಗುರುತು ಇತ್ತು. ಹಕ್ಕಿಯಿಂದ ಹಂದಿಗೆ ಬಂದಿದ್ದು. ಹಂದಿ ತಪ್ಪಲ್ಲ, ನಿಮ್ ತಪ್ಪಂತೂ ಅಲ್ವೇ ಅಲ್ಲ.”

“ಹಂಗಾರೆ ನಮ್ ಹುಡುಗನ್ನೂ ಅದೇ ತಗಂಡು ಹೋಗೈತೆ,” ಎಂದ ಅವನು.

ನನಗೆ ಅರ್ಥವಾಗಲಿಲ್ಲ. ಅವನು ನಿಧಾನವಾಗಿ ಹೇಳಿದ. ಮಗಳ ಮಗ. ಆ ವರ್ಷ ಗಣಪತಿ ಹಬ್ಬಕ್ಕೂ ಮುಂಚೆ, ಹಿಂದಿನ ಓಣಿಯ ಹುಡುಗನಿಗಿಂತ ತಿಂಗಳಿಗೂ ಹೆಚ್ಚು ಮೊದಲು, ಜ್ವರ ಬಂದು ಕುತ್ತಿಗೆ ಸೆಟೆದು ಮೂರೇ ದಿನಕ್ಕೆ ಹೋಗಿದ್ದ. ಊರ ಹೊರಗೆ ಸುಟ್ಟು ಬಂದಿದ್ದರು. ಊರೊಳಗೆ ಯಾರೂ ಕೇಳಿರಲಿಲ್ಲ. ನಾವು ಹಂದಿಯ ರಕ್ತಕ್ಕೆ ಅವನ ಅಂಗಳಕ್ಕೆ ಎಷ್ಟೋ ಸಲ ಹೋಗಿದ್ದೆವು, ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತೇ ಎಂದು ನಾವೂ ಕೇಳಿರಲಿಲ್ಲ.

“ಹೇಳ್ಬೇಕಿತ್ತಲ್ಲಪ್ಪಾ,” ಎಂದೆ.

“ಯಾರ್ಗೆ ಹೇಳಾದು ಸಾಹೇಬ್ರೆ?”

ನಾನು ಜೇಬಿನಿಂದ ಪುಸ್ತಕ ತೆಗೆದೆ. ಮೇಡಂಗೆ ಬರೆಯುತ್ತೇನೆ, ಅವರು ನಕಾಶೆಯಲ್ಲಿ ಮೊದಲ ಮಗು ಯಾವುದೆಂದು ಇನ್ನೂ ಹುಡುಕುತ್ತಿದ್ದಾರೆ ಎಂದೆ. ಅದು ನಿಜವಾಗಿತ್ತು. ಹುಡುಗನ ಹೆಸರು ಕೇಳಿ ಬರೆದುಕೊಂಡೆ. ವಯಸ್ಸು ಕೇಳಿದೆ. ಮುದುಕ ಯೋಚಿಸಿ ಐದು ಎಂದ.

ಗುಡಿಸಲ ಬಾಗಿಲಿಗೆ ಅವನ ಹೆಂಡತಿ ಬಂದು ನಿಂತಿದ್ದಳು. ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಪುಸ್ತಕವನ್ನು ನೋಡುತ್ತಿದ್ದಳು.

“ಐದಲ್ಲ, ಐದೂವರಿ,” ಎಂದಳು. “ಸೋಮವಾರ ಜ್ವರ ಬಂತು. ಸರಿಯಾಗಿ ಬರ್ಕಳ್ರಿ.”